ನದಿ ನೋಡುವ ಜಾಗ ಬೇರೆ, ಮಲಗುವ ಜಾಗ ಬೇರೆ

ಬೆಟ್ಟದ ಬುಡದಲ್ಲಿ ಹರಿಯುವ ನದಿಯ ದಡದಲ್ಲಿ ರಾತ್ರಿ ಕಳೆಯಲು ಬಂದವರು ಟೆಂಟಿಗೆ ಮೊದಲು ಆರಿಸಿಕೊಳ್ಳುವುದು ನೀರಿಗೆ ತೀರಾ ಹತ್ತಿರದ, ಹುಲ್ಲು ಹಬ್ಬಿದ ಸಮತಟ್ಟು ಜಾಗವನ್ನು. ಬಾಗಿಲು ತೆರೆದರೆ ಹರಿವ ನೀರು ಕಾಣಬೇಕು ಎಂಬ ಆಸೆ. ಆಸೆಯಲ್ಲಿ ತಪ್ಪಿಲ್ಲ. ಆದರೆ ಇಡೀ ಕ್ಯಾಂಪಿನಲ್ಲಿ ಚಳಿ ಹೆಚ್ಚು ಹಿಡಿಯುವುದು ಅಲ್ಲೇ, ಇಬ್ಬನಿಗೆ ಎಲ್ಲವೂ ತೊಯ್ದು ತೊಪ್ಪೆಯಾಗುವುದು ಅಲ್ಲೇ, ನೀರು ಏರಿದರೆ ಮೊದಲು ಮುಳುಗುವುದೂ ಅಲ್ಲೇ. ಪ್ರಾಣಿಗಳು ನೀರು ಕುಡಿಯಲು ಇಳಿಯುವ ದಾರಿಯೂ ಸಾಮಾನ್ಯವಾಗಿ ಅದೇ. ಹಗಲೆಲ್ಲ ಅಲ್ಲಿ ಕುರ್ಚಿ ಹಾಕಿಕೊಂಡು ಕೂರಿ. ಮಲಗುವುದಕ್ಕೆ ಮಾತ್ರ ಹಿಂದಕ್ಕೆ ಸರಿದು, ಮೇಲಕ್ಕೆ ಹತ್ತಿ. ಕೆಳಗೆ ಬರೆದಿರುವುದರಲ್ಲಿ ಬಹುಪಾಲು ಈ ಒಂದು ಮಾತಿನ ವಿವರಣೆ.

ಮೊದಲು ಚಳಿಯ ವಿಚಾರ. ಹೊತ್ತು ಮುಳುಗಿದ ಮೇಲೆ ಬೆಟ್ಟದ ಮೈ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಅದಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ. ಭಾರವಾದ ಗಾಳಿ ಇಳಿಜಾರಿನಲ್ಲಿ ನೀರಿನಂತೆಯೇ ಕೆಳಗೆ ಜಾರಿ, ಕಣಿವೆಯ ತಳದಲ್ಲಿ ಮಡುಗಟ್ಟುತ್ತದೆ. ಕಣಿವೆಯ ತಳವೆಂದರೆ ನದಿಯ ಪಾತ್ರವೇ. ಎತ್ತರಕ್ಕೆ ಹೋದಂತೆ ಪ್ರತಿ 1000 ಮೀಟರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಚಳಿ ಹೆಚ್ಚುತ್ತದೆ ಎಂಬ ಲೆಕ್ಕ ಹಲವರಿಗೆ ಗೊತ್ತಿದೆ. ಅದು ಸರಾಸರಿ ಲೆಕ್ಕ. ಮೋಡವಿಲ್ಲದ, ಗಾಳಿ ನಿಂತ ರಾತ್ರಿಯಲ್ಲಿ ಕಣಿವೆಯೊಳಗೆ ಅದು ತಲೆಕೆಳಗಾಗಿ, ತಳ ಹೆಚ್ಚು ತಂಪಾಗಿಯೂ ಪಕ್ಕದ ದಿಣ್ಣೆ ಬೆಚ್ಚಗೂ ಇರುತ್ತದೆ. ನೀರಿನಂಚಿಗಿಂತ 10–15 ಮೀಟರ್ ಎತ್ತರದ ದಿಣ್ಣೆಗೆ ಹತ್ತಿದರೂ ವ್ಯತ್ಯಾಸ ಮೈಗೇ ತಿಳಿಯುತ್ತದೆ. ದಿಣ್ಣೆಯ ತುದಿಗೆ ಹೋಗಬೇಕಿಲ್ಲ, ಅಲ್ಲಿ ಗಾಳಿ ಹೊಡೆಯುತ್ತದೆ. ದಡಕ್ಕೂ ಬೆಟ್ಟದ ಇಳಿಜಾರಿಗೂ ನಡುವೆ ಮೆಟ್ಟಿಲಿನಂತೆ ನಿಂತ ಸಮತಟ್ಟು ನೆಲ ಬಹಳ ನದಿಗಳಿಗೆ ಇರುತ್ತದೆ. ಹಳೆಯ ಕಾಲದಲ್ಲಿ ನದಿಯೇ ಬಿಟ್ಟುಹೋದ ಆ ನೆಲ ಮಲಗಲು ಎಲ್ಲಕ್ಕಿಂತ ಒಳ್ಳೆಯದು.

ಮರದ ಕೆಳಗೆ ಟೆಂಟ್ ಹಾಕಿದರೆ ಇಬ್ಬನಿ ಕಡಿಮೆ. ಬಯಲಿನಲ್ಲಿರುವ ಟೆಂಟಿನ ಬಟ್ಟೆ ನೇರ ಆಕಾಶಕ್ಕೆ ಬಿಸಿ ಕಳೆದುಕೊಂಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಹಾಗಾಗಿ ಹನಿಗಟ್ಟುತ್ತದೆ. ಮರದ ಚಪ್ಪರವಿದ್ದರೆ ಆ ನಷ್ಟಕ್ಕೆ ತಡೆ. ಆದರೆ ಹಾಕುವ ಮುಂಚೆ ತಲೆಯೆತ್ತಿ ನೋಡಲೇಬೇಕು. ಎಲೆಯಿಲ್ಲದೆ ಬೂದುಬಣ್ಣಕ್ಕೆ ತಿರುಗಿದ ಕೊಂಬೆ, ಅರ್ಧ ಮುರಿದು ಇನ್ನೊಂದು ಕೊಂಬೆಗೆ ಸಿಕ್ಕಿಕೊಂಡ ರೆಂಬೆ, ಬುಡದಲ್ಲಿ ಅಣಬೆ ಎದ್ದ ಮರ, ಇವುಗಳಲ್ಲಿ ಯಾವುದು ಕಂಡರೂ ಬೇರೆ ಜಾಗ ಹುಡುಕಿ. ನದಿ ದಡದ ಮರಗಳ ಇನ್ನೊಂದು ದೋಷವೆಂದರೆ ನೀರು ಬುಡದ ಮಣ್ಣು ಕೊರೆದು ಬೇರುಗಳು ಅರ್ಧ ಗಾಳಿಯಲ್ಲಿ ನಿಂತಿರುವುದು. ಎಲೆ ಹಸಿರಾಗಿರುತ್ತದೆ, ಮರ ಗಟ್ಟಿಮುಟ್ಟಾಗಿ ಕಾಣುತ್ತದೆ, ಆದರೆ ಒಂದು ಬಿರುಗಾಳಿಗೆ ಉರುಳುತ್ತದೆ. ದಡದಿಂದ ಬೇರಿನ ಕಡೆಯನ್ನೂ ನೋಡಿ ಬನ್ನಿ.

ಕಣಿವೆಯ ಗಾಳಿಗೆ ಒಂದು ದಿನಚರಿಯಿದೆ. ಹಗಲು ಬಿಸಿಲಿಗೆ ಬೆಟ್ಟದ ಮೈ ಕಾದು ಗಾಳಿ ಕಣಿವೆಯ ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ. ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೆ ಒಮ್ಮೆ ನಿಂತು, ಆಮೇಲೆ ಮೇಲಿನಿಂದ ಕೆಳಕ್ಕೆ ಹೊರಳುತ್ತದೆ. ಮಧ್ಯಾಹ್ನ ಟೆಂಟ್ ಹಾಕುವವರು ಆಗ ಬೀಸುತ್ತಿರುವ ಗಾಳಿಗೆ ಬೆನ್ನು ಮಾಡಿ ಬಾಗಿಲನ್ನು ಬೆಟ್ಟದ ಕಡೆಗೆ ಇಡುತ್ತಾರೆ. ರಾತ್ರಿಯ ತಣ್ಣನೆ ಗಾಳಿ ನೇರ ಬಾಗಿಲಿಗೇ ನುಗ್ಗುತ್ತದೆ. ಟೆಂಟಿನ ಕಿರಿದಾದ, ತಗ್ಗಿನ ತುದಿ ನದಿ ಹರಿದುಬರುವ ಕಡೆಗೆ ಇರಲಿ, ಬಾಗಿಲು ಅಡ್ಡಕ್ಕೋ ಕೆಳದಿಕ್ಕಿಗೋ ಇರಲಿ. ಒಲೆಯ ಹೊಗೆಯೂ ಇದೇ ರೀತಿ ದಿಕ್ಕು ಬದಲಿಸುವುದರಿಂದ, ಬೆಂಕಿಯ ಜಾಗ ಟೆಂಟಿಗಿಂತ ಕೆಳದಿಕ್ಕಿನಲ್ಲಿದ್ದರೆ ರಾತ್ರಿ ಕಿಡಿ ಟೆಂಟಿನ ಮೇಲೆ ಬೀಳುವುದಿಲ್ಲ.

ಬೆಟ್ಟಗಳ ನಡುವೆ ಹೊತ್ತು ಮುಳುಗುವುದೂ ಬೇಗ. ಪಂಚಾಂಗದಲ್ಲಿ ಸೂರ್ಯಾಸ್ತ ಎಷ್ಟೊತ್ತಿಗೇ ಇರಲಿ, ಶಿಖರದ ಹಿಂದೆ ಸೂರ್ಯ ಸರಿದ ಕೂಡಲೇ ಬಿಸಿಲು ಹೋಗುತ್ತದೆ, ಚಳಿ ಇಳಿಯುತ್ತದೆ. ತೋಳು ಪೂರ್ತಿ ಚಾಚಿ, ಅಂಗೈ ಮಡಚಿ ಬೆರಳುಗಳನ್ನು ಅಡ್ಡ ಹಿಡಿದು ಸೂರ್ಯನಿಗೂ ಬೆಟ್ಟದ ಅಂಚಿಗೂ ನಡುವೆ ಎಷ್ಟು ಬೆರಳು ಹಿಡಿಯುತ್ತದೆ ಎಂದು ನೋಡಿ. ಒಂದು ಬೆರಳಿಗೆ ಸುಮಾರು 15 ನಿಮಿಷ, ನಾಲ್ಕು ಬೆರಳಿಗೆ ಒಂದು ಗಂಟೆ. ಎರಡು ಅಂಗೈಗಿಂತ ಕಡಿಮೆ ಉಳಿದಿದ್ದರೆ ಬೇರೆ ಎಲ್ಲ ಬಿಟ್ಟು ಟೆಂಟ್ ಹಾಕಿ. ನದಿ ಉತ್ತರ-ದಕ್ಷಿಣವಾಗಿ ಹರಿಯುವ ಕಣಿವೆಯಲ್ಲಿ ಪಶ್ಚಿಮದ ದಡಕ್ಕೆ ಬೆಳಗಿನ ಬಿಸಿಲು ಮೊದಲು ಬೀಳುತ್ತದೆ. ಎರಡು ದಡದಲ್ಲೂ ಜಾಗವಿದ್ದರೆ ಅದನ್ನೇ ಆರಿಸಿ, ಒದ್ದೆ ಟೆಂಟ್ ಬೇಗ ಒಣಗುತ್ತದೆ.

ದಡದ ಮೇಲಿನ ಗುರುತುಗಳು

ನದಿ ಎಲ್ಲಿಯವರೆಗೆ ಏರಬಲ್ಲದು ಎಂಬುದನ್ನು ನದಿಯೇ ದಡದ ಮೇಲೆ ಬರೆದಿಟ್ಟಿರುತ್ತದೆ. ಇದನ್ನು ಓದಲು ಹತ್ತು ನಿಮಿಷ ಸಾಕು, ಟೆಂಟಿನ ಚೀಲ ಬಿಚ್ಚುವ ಮುಂಚಿನ ಹತ್ತು ನಿಮಿಷ. ಪೊದೆಗಳ ಕೊಂಬೆಯಲ್ಲಿ ಒಣಹುಲ್ಲು, ಎಲೆ, ಪ್ಲಾಸ್ಟಿಕ್ ಸುತ್ತಿಕೊಂಡಿದೆಯೇ ನೋಡಿ. ಅದು ಎಷ್ಟು ಎತ್ತರದಲ್ಲಿದೆಯೋ ನೀರು ಅಷ್ಟು ಎತ್ತರಕ್ಕೆ ಬಂದಿತ್ತು. ಮರದ ಕಾಂಡದಲ್ಲಿ ನೀರು ಬರುವ ಕಡೆಯ ತೊಗಟೆ ಮಾತ್ರ ಕೆತ್ತಿಹೋಗಿದ್ದರೆ ತೇಲಿಬಂದ ದಿಮ್ಮಿಗಳು ಬಡಿದಿವೆ. ಹುಲ್ಲೆಲ್ಲ ಒಂದೇ ದಿಕ್ಕಿಗೆ ಮಲಗಿದ್ದರೆ, ಮರಳಿನ ಮೇಲೆ ಅಲೆಯ ಗೆರೆಗಳು ಹಸಿಯಾಗಿದ್ದರೆ, ಇತ್ತೀಚೆಗಷ್ಟೇ ನೀರು ಹತ್ತಿ ಇಳಿದಿದೆ. ಬಂಡೆಗಳನ್ನೂ ಗಮನಿಸಿ: ಒಂದು ಮಟ್ಟದಿಂದ ಮೇಲೆ ಕಲ್ಲುಹೂವು ಬೆಳೆದು ಬಂಡೆ ಮಾಸಲಾಗಿ, ಕೆಳಗೆ ಬೋಳಾಗಿ ನಯವಾಗಿದ್ದರೆ, ಆ ಗೆರೆಯ ಕೆಳಗೆ ನದಿ ಆಗಾಗ ಉಜ್ಜಿಹೋಗುತ್ತದೆ ಎಂದರ್ಥ. ಟೆಂಟ್ ಈ ಎಲ್ಲ ಗುರುತುಗಳಿಗಿಂತ ಮೇಲಿರಬೇಕು.

ನದಿ ನಡುವಿನ ದಿಬ್ಬ, ಮರಳದಿಣ್ಣೆ, ಎರಡು ಕವಲುಗಳ ನಡುವಿನ ನೆಲ ಎಷ್ಟೇ ಚೆನ್ನಾಗಿದ್ದರೂ ಬೇಡ. ನೀರು ಏರಿದಾಗ ಅವು ಮುಳುಗುವ ಮೊದಲೇ ಹಿಂದಿನ ಕವಲು ತುಂಬಿ ವಾಪಸ್ಸು ಬರುವ ದಾರಿ ಕಡಿದುಹೋಗಿರುತ್ತದೆ. ತಿರುವಿನ ಹೊರಮಗ್ಗುಲೂ ಬೇಡ. ಅಲ್ಲಿ ನೀರಿನ ರಭಸ ಹೆಚ್ಚು, ದಡ ಅಡಿಯಿಂದ ಕೊರೆದು ಮೇಲೆ ಮಾತ್ರ ಹುಲ್ಲಿನ ಚಾವಣಿ ನಿಂತಿರುತ್ತದೆ. ಬೆಟ್ಟದಿಂದ ಒಣ ಕೊರಕಲು ಇಳಿದು ಕಣಿವೆಗೆ ಸೇರುವಲ್ಲಿ ಬೀಸಣಿಗೆಯಾಕಾರದಲ್ಲಿ ಹರಡಿದ ಜಲ್ಲಿಯ ಬಯಲನ್ನು ಬಹಳ ಜನ ಸುರಕ್ಷಿತವೆಂದು ತಿಳಿಯುತ್ತಾರೆ, ಏಕೆಂದರೆ ಅಲ್ಲಿ ನೀರೇ ಇಲ್ಲ. ಆ ಜಲ್ಲಿಯನ್ನು ಅಲ್ಲಿಗೆ ತಂದು ಸುರಿದದ್ದು ಅದೇ ಕೊರಕಲು. ದೊಡ್ಡ ಮಳೆ ಬಂದರೆ ಕೆಸರು, ಕಲ್ಲು, ಮರ ಎಲ್ಲವನ್ನೂ ಮತ್ತೆ ತರುತ್ತದೆ.

ಟೆಂಟಿನ ಮೇಲೆ ನಕ್ಷತ್ರ ಹೊಳೆಯುತ್ತಿರುವಾಗಲೂ ನದಿ ಏರಬಹುದು. ಮಳೆ ಸುರಿಯುವುದು ಹತ್ತಿಪ್ಪತ್ತು ಕಿಲೋಮೀಟರ್ ಮೇಲೆ, ನೀರು ಬರುವುದು ನಿಮ್ಮಲ್ಲಿಗೆ. ಹಿಮ ಕರಗಿ ಹರಿಯುವ ನದಿಗಳು ಮಳೆಯಿಲ್ಲದೆಯೇ ದಿನವೂ ಏರಿಳಿಯುತ್ತವೆ. ಹಗಲಿನ ಬಿಸಿಲಿಗೆ ಕರಗಿದ ನೀರು ಕೆಳಗಿಳಿಯಲು ಹಲವು ಗಂಟೆ ಹಿಡಿಯುವುದರಿಂದ ಏರಿಕೆ ಸಂಜೆಯೋ ರಾತ್ರಿಯೋ ಕಾಣುತ್ತದೆ, ಬೆಳಗಿನ ಜಾವಕ್ಕೆ ನೀರು ಅತಿ ಕಡಿಮೆ. ಮಧ್ಯಾಹ್ನಕ್ಕೆ ಮುಂಚೆ ಸುಲಭವಾಗಿ ದಾಟಿದ ಹೊಳೆಯನ್ನು ಸಂಜೆ ವಾಪಸ್ಸು ದಾಟಲಾಗದೆ ಒದ್ದಾಡುವವರ ಲೆಕ್ಕ ತಪ್ಪುವುದು ಇಲ್ಲಿಯೇ. ಮೇಲ್ಭಾಗದಲ್ಲಿ ಅಣೆಕಟ್ಟಿದ್ದರೆ ಮಳೆಗೂ ಬಿಸಿಲಿಗೂ ಸಂಬಂಧವಿಲ್ಲದೆ ನೀರು ಬಿಡಬಹುದು. ಎಚ್ಚರಿಕೆಯ ಸೈರನ್ ಇದೆಯೇ, ಅದು ಹೇಗೆ ಕೂಗುತ್ತದೆ ಎಂದು ಕ್ಯಾಂಪ್ ನೋಡಿಕೊಳ್ಳುವವರನ್ನು ಮೊದಲೇ ಕೇಳಿ.

ಸಂಜೆ ನೀರಿನಂಚಿಗೆ ಸರಿಯಾಗಿ ಒಂದು ಕಡ್ಡಿ ನೆಡಿ, ಅದರಿಂದ ಒಂದು ಗೇಣು ಮೇಲೆ ಇನ್ನೊಂದು. ಮಲಗುವ ಮುಂಚೆ ಒಮ್ಮೆ, ರಾತ್ರಿ ಎಚ್ಚರವಾದಾಗೊಮ್ಮೆ ದಿಣ್ಣೆಯ ಮೇಲಿಂದಲೇ ಟಾರ್ಚ್ ಬಿಟ್ಟು ನೋಡಿ. ಎರಡನೆಯ ಕಡ್ಡಿ ಮುಳುಗಿದ್ದರೆ ಸಾಮಾನು ಕಟ್ಟಿ ಮೇಲಕ್ಕೆ ಹೋಗುವ ಹೊತ್ತು. ತಿಳಿನೀರು ಇದ್ದಕ್ಕಿದ್ದಂತೆ ಬಗ್ಗಡವಾಗುವುದು, ಕಸಕಡ್ಡಿ ಎಲೆ ತೇಲಿಬರುವುದು, ನೀರಿನಡಿಯಲ್ಲಿ ಕಲ್ಲು ಉರುಳುವ ಗುಡುಗುಡು ಸದ್ದು, ಹಸಿಮಣ್ಣಿನ ವಾಸನೆ, ಇವು ಕಡ್ಡಿಗಿಂತ ಮೊದಲೇ ಸುಳಿವು ಕೊಡುತ್ತವೆ. ಎಲ್ಲಕ್ಕಿಂತ ಕೆಟ್ಟ ಸುಳಿವು ನೀರು ಕಾರಣವಿಲ್ಲದೆ ತಟ್ಟನೆ ಇಳಿಯುವುದು. ಮೇಲೆ ಎಲ್ಲೋ ಗುಡ್ಡ ಜರಿದು ನದಿಗೆ ಅಡ್ಡ ಬಿದ್ದಿರಬಹುದು. ಆ ಕಟ್ಟೆ ಒಡೆದಾಗ ಬರುವ ನೀರಿಗೆ ಟೆಂಟ್ ಕೀಳುವಷ್ಟು ಸಮಯ ಸಿಗುವುದಿಲ್ಲ. ಇಂಥ ಸುಳಿವು ಕಂಡರೆ ಸಾಮಾನು ಬಿಟ್ಟುಬಿಡಿ, ದಡದಗುಂಟ ಓಡದೆ ನೇರ ಇಳಿಜಾರು ಹತ್ತಿ. ವಾಹನದಲ್ಲಿ ನೀರು ದಾಟುವ ಯೋಚನೆಯೇ ಬೇಡ. ಹರಿಯುವ ನೀರು 30 ಸೆಂಟಿಮೀಟರ್ ಇದ್ದರೂ ಸಣ್ಣ ಕಾರನ್ನು ಎತ್ತಿ ಒಯ್ಯಬಲ್ಲದು, 60 ಸೆಂಟಿಮೀಟರ್ ಇದ್ದರೆ ದೊಡ್ಡ ವಾಹನಗಳೂ ನಿಲ್ಲುವುದಿಲ್ಲ.

ಸದ್ದಿನ ಬಗ್ಗೆ ಇಲ್ಲೇ ಹೇಳಬೇಕು. ನದಿಯ ಒಂದೇ ಸಮನೆಯ ಮೊರೆತ ಉಳಿದ ಸದ್ದುಗಳನ್ನೆಲ್ಲ ನುಂಗುತ್ತದೆ. ನಿಧಾನವಾಗಿ ಏರುವ ನೀರು, ಮಗುವಿನ ಕೂಗು, ಹತ್ತಿರ ಬಂದ ಪ್ರಾಣಿಯ ಹೆಜ್ಜೆ ಯಾವುದೂ ಕೇಳಿಸದೆ ಹೋಗಬಹುದು. ನೀರಿನ ಪಕ್ಕ ಕಿವಿಯನ್ನು ನೆಚ್ಚಿ ಕೂರಬೇಡಿ. ಪ್ರತಿಯೊಬ್ಬರ ಕೊರಳಲ್ಲೂ ಒಂದು ಸೀಟಿ ಇರಲಿ. ಮೂರು ಬಾರಿ ಊದಿದರೆ ಸಹಾಯ ಬೇಕು ಎಂದು ಎಲ್ಲರೂ ಮೊದಲೇ ಮಾತಾಡಿಕೊಂಡಿರಿ. ನೀರಿನಿಂದ ಅರವತ್ತು ಎಪ್ಪತ್ತು ಮೀಟರ್ ಹಿಂದಕ್ಕೆ ಸರಿದರೆ ಮೊರೆತ ತಗ್ಗಿ, ಅದೇ ನದಿ ನಿದ್ದೆಗೆ ಜೋಗುಳವಾಗುತ್ತದೆ. ಇದರ ಇನ್ನೊಂದು ಮಗ್ಗುಲೂ ಇದೆ. ನದಿ ನಿಧಾನವಾಗಿ ಹರಿಯುವಲ್ಲಿ, ರಾತ್ರಿ ನೀರಿನ ಮೇಲಿನ ತಣ್ಣನೆ ಗಾಳಿಯ ಪದರ ಸದ್ದನ್ನು ಮೇಲೆ ಹೋಗಲು ಬಿಡದೆ ಕೆಳಕ್ಕೆ ಬಾಗಿಸುತ್ತದೆ. ಈ ದಡದ ಸಾಧಾರಣ ಮಾತು ಆ ದಡದ ಟೆಂಟಿನೊಳಗೆ ಸ್ಪಷ್ಟವಾಗಿ ಕೇಳುತ್ತದೆ. ಸ್ಪೀಕರ್ ತರಲೇಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಟೆಂಟ್ ಹಾಕುವಾಗ

ನದಿ ದಡದ ನೆಲದ ಕಷ್ಟ ಗೂಟ ಹೊಡೆಯುವಾಗ ಗೊತ್ತಾಗುತ್ತದೆ. ಮೇಲೆ ಒಂದು ಬೆರಳು ಮಣ್ಣು, ಕೆಳಗೆ ಉರುಟು ಕಲ್ಲು ಅಥವಾ ಸಡಿಲ ಮರಳು. ತೆಳುವಾದ ತಂತಿಗೂಟ ಕಲ್ಲಿಗೆ ತಾಗಿ ಬಗ್ಗುತ್ತದೆ, ಮರಳಿನಲ್ಲಿ ಎಳೆದ ಕೂಡಲೇ ಕಿತ್ತುಬರುತ್ತದೆ. ಮಣ್ಣು ಸಾಕಷ್ಟಿದ್ದರೆ ಗೂಟದ ತಲೆ ಟೆಂಟಿನಿಂದ ಆಚೆಗೆ ಸ್ವಲ್ಪ ವಾಲಿರುವಂತೆ ಹೊಡೆದು, ಹಗ್ಗ ಗೂಟಕ್ಕೆ ಲಂಬವಾಗಿ ನಿಲ್ಲುವಂತೆ ನೋಡಿಕೊಳ್ಳಿ. ಮರಳಾದರೆ ಗೂಟ ಬಿಡಿ. ಮುಂಗೈ ಉದ್ದದ ಗಟ್ಟಿ ಕಟ್ಟಿಗೆಯ ನಡುವಿಗೋ ಮರಳು ತುಂಬಿದ ಸಣ್ಣ ಚೀಲಕ್ಕೋ ಹಗ್ಗ ಕಟ್ಟಿ, 30 ಸೆಂಟಿಮೀಟರ್ ಆಳದ ಗುಂಡಿಯಲ್ಲಿ ಟೆಂಟಿಗೆ ಅಡ್ಡಲಾಗಿ ಹೂಳಿ. ಹಗ್ಗ ಹೊರಬರುವ ಕಡೆ ಓರೆಯಾಗಿ ಒಂದು ಸಣ್ಣ ಸಾಲು ತೋಡಬೇಕು, ಇಲ್ಲದಿದ್ದರೆ ಹಗ್ಗ ನೇರ ಮೇಲಕ್ಕೆ ಎಳೆದು ಕಟ್ಟಿಗೆಯನ್ನೇ ಎತ್ತುತ್ತದೆ. ಮೇಲೆ ಮರಳು ಮುಚ್ಚಿ ಗಟ್ಟಿಯಾಗಿ ತುಳಿಯಿರಿ.

ಬರಿ ಕಲ್ಲಿನ ನೆಲವಾದರೆ ಎರಡು ಕಲ್ಲಿನ ಉಪಾಯ. ಹಗ್ಗದ ತುದಿಯನ್ನು ಮುಷ್ಟಿಗಿಂತ ಸ್ವಲ್ಪ ದೊಡ್ಡ ಕಲ್ಲಿಗೆ ಸುತ್ತಿ ನೆಲದ ಮೇಲಿಡಿ. ಅದರ ಮುಂದೆ, ಅಂದರೆ ಟೆಂಟಿನ ಕಡೆಗೆ, ಹಗ್ಗದ ಮೇಲೆಯೇ ಎರಡೂ ಕೈಯಲ್ಲಿ ಎತ್ತುವಂಥ ದೊಡ್ಡ ಕಲ್ಲನ್ನು ಕೂರಿಸಿ. ಗಾಳಿ ಹಗ್ಗವನ್ನು ಎಳೆದಷ್ಟೂ ಸಣ್ಣ ಕಲ್ಲು ದೊಡ್ಡದರ ಬೆನ್ನಿಗೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ದೊಡ್ಡ ಕಲ್ಲಿಗೇ ನೇರ ಹಗ್ಗ ಸುತ್ತಿದರೆ ಚೂಪು ಅಂಚಿಗೆ ಉಜ್ಜಿ ಬೆಳಗಾಗುವಷ್ಟರಲ್ಲಿ ಹಗ್ಗ ಸವೆಯುತ್ತದೆ. ಹೊರಡುವಾಗ ಕಲ್ಲುಗಳನ್ನು ಎತ್ತಿದಲ್ಲೇ ಇಡಿ, ಅವುಗಳ ಅಡಿಯಲ್ಲಿ ಹುಳುಹುಪ್ಪಟೆಗಳ ಸಂಸಾರವಿರುತ್ತದೆ.

ಟೆಂಟಿನಡಿಯ ಹಾಸು ಟೆಂಟಿನ ತಳಕ್ಕಿಂತ ಎಲ್ಲ ಕಡೆಯೂ ಐದಾರು ಸೆಂಟಿಮೀಟರ್ ಒಳಗಿರಬೇಕು. ಹೊರಗೆ ಚಾಚಿಕೊಂಡಿದ್ದರೆ ಮೇಲಿಂದ ಇಳಿದ ಮಳೆನೀರು ಅದರ ಮೇಲೆ ಬಿದ್ದು ಟೆಂಟಿನಡಿಗೇ ಹರಿದು ಕೆರೆಯಾಗುತ್ತದೆ. ಟೆಂಟಿನ ಸುತ್ತ ಕಾಲುವೆ ತೋಡುವ ಹಳೆಯ ಅಭ್ಯಾಸ ಬೇಡ. ದಡದ ಮಣ್ಣು ಸಡಿಲ, ಒಂದು ಮಳೆಗೆ ಆ ಕಾಲುವೆಯೇ ಕೊರಕಲಾಗುತ್ತದೆ. ಸರಿಯಾದ ಜಾಗ ಆರಿಸಿದ್ದರೆ ಅದರ ಅಗತ್ಯವೂ ಇಲ್ಲ.

ನೈಲಾನ್ ಬಟ್ಟೆ ಒದ್ದೆಯಾದಾಗ ಹಿಗ್ಗಿ ಜೋಲುತ್ತದೆ, ಪಾಲಿಯೆಸ್ಟರ್ ಅಷ್ಟು ಜೋಲುವುದಿಲ್ಲ. ಸಂಜೆ ಬಿಗಿಯಾಗಿದ್ದ ಹೊರಹೊದಿಕೆ ಇಬ್ಬನಿಗೆ ಸಡಿಲಾಗಿ ಒಳಬಟ್ಟೆಗೆ ತಾಗಿದರೆ ಅಲ್ಲಿಂದಲೇ ನೀರು ಒಳಗೆ ಬರುತ್ತದೆ. ಬೆಳಿಗ್ಗೆ ಎದ್ದು ‘ಟೆಂಟ್ ಸೋರುತ್ತದೆ’ ಎನ್ನುವವರಲ್ಲಿ ಬಹಳ ಜನರ ಸಮಸ್ಯೆ ಸೋರಿಕೆಯಲ್ಲ, ಅವರದೇ ಉಸಿರು. ಇಬ್ಬರು ಮಲಗಿದ ಟೆಂಟಿನಲ್ಲಿ ಬೆಳಗಿನ ಹೊತ್ತಿಗೆ ಉಸಿರಿನಿಂದ, ಮೈಯಿಂದ ಹೊರಬಿದ್ದ ತೇವ ಅರ್ಧ ಲೀಟರನ್ನೂ ಮುಟ್ಟಬಹುದು. ಹೊರಗೆ ತಣ್ಣಗಾದ ಬಟ್ಟೆಗೆ ತಾಗಿ ಅದು ಹನಿಯಾಗುತ್ತದೆ. ಚಳಿಯೆಂದು ಗಾಳಿಕಿಂಡಿಗಳನ್ನೆಲ್ಲ ಮುಚ್ಚಿದಷ್ಟೂ ಒದ್ದೆ ಹೆಚ್ಚು, ಒದ್ದೆಯಾದಷ್ಟೂ ಚಳಿ ಹೆಚ್ಚು. ಮೇಲೊಂದು ಕೆಳಗೊಂದು ಕಿಂಡಿ ತೆರೆದಿಡಿ. ಮಲಗುವ ಮುಂಚೆ ಹಗ್ಗಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಒದ್ದೆ ಬಟ್ಟೆ ಬೂಟುಗಳನ್ನು ಒಳಟೆಂಟಿನ ಹೊರಗಿಡಿ.

ಚಳಿ ಹೆಚ್ಚಾಗಿ ಕೆಳಗಿನಿಂದ ಬರುತ್ತದೆ. ಸ್ಲೀಪಿಂಗ್ ಬ್ಯಾಗ್ ಎಷ್ಟೇ ದಪ್ಪಗಿದ್ದರೂ ಮೈಯ ಭಾರಕ್ಕೆ ಅಡಿಯ ಭಾಗ ಅಪ್ಪಚ್ಚಿಯಾಗಿ ಗಾಳಿಯ ಪದರವೇ ಉಳಿಯುವುದಿಲ್ಲ. ನೆಲದ ಚಳಿ ತಡೆಯುವುದು ಮ್ಯಾಟ್. ಅದರ ಮೇಲೆ ಬರೆದಿರುವ ‘ಆರ್’ (R) ಅಂಕಿ ನೋಡಿ ಕೊಳ್ಳಬೇಕು, ಅದು ಹೆಚ್ಚಿದ್ದಷ್ಟೂ ಚಳಿಗೆ ತಡೆ ಹೆಚ್ಚು. ಬೇಸಿಗೆಗೆ 2ರ ಆಸುಪಾಸು ಸಾಕು, ಸೊನ್ನೆ ಡಿಗ್ರಿ ಹತ್ತಿರ ಬರುವ ರಾತ್ರಿಗೆ 4 ಬೇಕು. ಒಂದರ ಮೇಲೊಂದು ಎರಡು ಮ್ಯಾಟ್ ಹಾಸಿದರೆ ಆ ಅಂಕಿಗಳು ಕೂಡಿಕೊಳ್ಳುತ್ತವೆ. ಒಳಗೆ ಏನೂ ತುಂಬದ ಬರಿ ಗಾಳಿಹಾಸಿಗೆ ಮೆತ್ತಗಿರುತ್ತದೆ, ಆದರೆ ಒಳಗಿನ ಗಾಳಿ ಸುತ್ತಾಡಿ ಬಿಸಿಯನ್ನೆಲ್ಲ ನೆಲಕ್ಕೆ ದಾಟಿಸುತ್ತದೆ. ಸ್ಲೀಪಿಂಗ್ ಬ್ಯಾಗಿನ ಮೇಲೆ ಎರಡು ಮೂರು ಉಷ್ಣಾಂಶಗಳನ್ನು ಅಚ್ಚುಹಾಕಿರುತ್ತಾರೆ. ‘ಕಂಫರ್ಟ್’ ಎಂದಿರುವುದನ್ನು ಮಾತ್ರ ನಂಬಿ. ‘ಎಕ್ಸ್‌ಟ್ರೀಮ್’ ಎಂಬುದು ಜೀವ ಉಳಿಯುವ ಮಟ್ಟ, ನಿದ್ದೆಯ ಮಟ್ಟವಲ್ಲ. ಹಕ್ಕಿಪುಕ್ಕ ತುಂಬಿದ ಬ್ಯಾಗ್ ಹಗುರ, ಬೆಚ್ಚಗೆ, ಆದರೆ ತೇವಕ್ಕೆ ಮುದ್ದೆಗಟ್ಟುತ್ತದೆ. ನದಿ ದಡದ ತೇವದಲ್ಲಿ ಎರಡು ಮೂರು ರಾತ್ರಿ ಇರುವುದಾದರೆ ಸಿಂಥೆಟಿಕ್ ಒಳ್ಳೆಯದು. ಮುಖವನ್ನು ಬ್ಯಾಗಿನೊಳಗೆ ಹುದುಗಿಸಿ ಉಸಿರಾಡಬೇಡಿ, ಟೊಪ್ಪಿ ಹಾಕಿಕೊಳ್ಳಿ. ಬಿಸಿನೀರು ತುಂಬಿ ಮುಚ್ಚಳ ಬಿಗಿದ ಬಾಟಲಿಯನ್ನು ಕಾಲುಚೀಲದೊಳಗೆ ತೂರಿಸಿ ಪಾದದ ಹತ್ತಿರ ಇಟ್ಟುಕೊಂಡರೆ ಹಲವು ಗಂಟೆ ಬೆಚ್ಚಗಿರುತ್ತದೆ.

ನೀರು, ಒಲೆ, ಬೆಂಕಿ

ಬೆಟ್ಟದ ನೀರು ಎಷ್ಟು ತಿಳಿಯಾಗಿದ್ದರೂ ಹಾಗೆಯೇ ಕುಡಿಯಬಾರದು. ಮೇಲೆ ದನ, ಕುರಿ, ಕಾಡುಪ್ರಾಣಿ, ಮನುಷ್ಯರು ಎಲ್ಲರೂ ಇದ್ದಾರೆ. ಜಿಯಾರ್ಡಿಯಾದಂಥ ಪರೋಪಜೀವಿಗಳು ಕಣ್ಣಿಗೆ ಕಾಣುವುದಿಲ್ಲ, ಹೊಟ್ಟೆ ಕೆಡುವುದು ಸಾಮಾನ್ಯವಾಗಿ ಒಂದೆರಡು ವಾರದ ಮೇಲೆ. ಎಲ್ಲಕ್ಕಿಂತ ಖಚಿತ ದಾರಿ ಕುದಿಸುವುದು: ಚೆನ್ನಾಗಿ ಕೊತಕೊತ ಕುದಿಯಲು ಶುರುವಾದ ಮೇಲೆ 1 ನಿಮಿಷ, 2000 ಮೀಟರಿಗಿಂತ ಎತ್ತರದಲ್ಲಿ 3 ನಿಮಿಷ. ಎತ್ತರದಲ್ಲಿ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ, ಸುಮಾರು 300 ಮೀಟರಿಗೆ 1 ಡಿಗ್ರಿಯಂತೆ ಇಳಿದು 3000 ಮೀಟರಿನಲ್ಲಿ 90 ಡಿಗ್ರಿಗೇ ಕುದಿ ಬರುತ್ತದೆ. ಅಡುಗೆಗೆ ಹೆಚ್ಚು ಹೊತ್ತು ಹಿಡಿಯುವುದೂ ಇದಕ್ಕೇ, ಗ್ಯಾಸ್ ಲೆಕ್ಕ ಹಾಕುವಾಗ ಇದು ನೆನಪಿರಲಿ.

0.1 ಅಥವಾ 0.2 ಮೈಕ್ರಾನ್ ರಂಧ್ರದ ಫಿಲ್ಟರ್ ಬ್ಯಾಕ್ಟೀರಿಯಾ, ಪರೋಪಜೀವಿಗಳನ್ನು ತಡೆಯುತ್ತದೆ, ವೈರಸ್ಸನ್ನು ತಡೆಯುವುದಿಲ್ಲ. ಮೇಲ್ಭಾಗದಲ್ಲಿ ಜನವಸತಿ ಇದ್ದರೆ ಫಿಲ್ಟರ್ ಮಾಡಿದ ಮೇಲೆ ಕ್ಲೋರಿನ್ ಮಾತ್ರೆಯನ್ನೂ ಹಾಕಿ, ಪೊಟ್ಟಣದ ಮೇಲೆ ಬರೆದಷ್ಟು ಹೊತ್ತು ಕಾಯಿರಿ. ನೀರು ತಣ್ಣಗಿದ್ದಷ್ಟೂ ಔಷಧಿಯ ಕೆಲಸ ನಿಧಾನ. ಸಣ್ಣ ಕೊಳವೆಗಳ ಕಂತೆಯಿರುವ ಫಿಲ್ಟರ್ ಒಮ್ಮೆ ಬಳಸಿದ ಮೇಲೆ ಹೆಪ್ಪುಗಟ್ಟಿದರೆ ಒಳಗೆ ಸೀಳುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ನೀರೂ ಮೊದಲಿನಂತೆಯೇ ಬರುತ್ತದೆ, ಕ್ರಿಮಿಗಳೂ ಜೊತೆಗೆ ಬರುತ್ತವೆ. ಚಳಿರಾತ್ರಿಯಲ್ಲಿ ಅದನ್ನು ಚೀಲದಲ್ಲಿ ಕಟ್ಟಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿ. ನೀರು ಬಗ್ಗಡವಾಗಿದ್ದರೆ ಪಾತ್ರೆಯಲ್ಲಿ ಒಂದೆರಡು ಗಂಟೆ ತಿಳಿಯಾಗಲು ಬಿಟ್ಟು, ಮೇಲಿನದನ್ನು ಬಟ್ಟೆಯಲ್ಲಿ ಸೋಸಿ, ಆಮೇಲೆ ಫಿಲ್ಟರ್‌ಗೆ ಹಾಕಿ. ನೇರ ಹಾಕಿದರೆ ಹೂಳು ಕಟ್ಟಿ ನಿಂತುಹೋಗುತ್ತದೆ. ನೀರು ತುಂಬುವುದು ಕ್ಯಾಂಪಿಗಿಂತ ಮೇಲ್ಭಾಗದಲ್ಲಿ, ಹರಿವ ನೀರಿನಲ್ಲಿ.

ಗ್ಯಾಸ್ ಡಬ್ಬಿಯಲ್ಲಿ ಏನಿದೆ ಎಂಬುದು ಚಳಿಯಲ್ಲಿ ಮುಖ್ಯ. ಬ್ಯೂಟೇನ್ ಆವಿಯಾಗುವುದು ಸೊನ್ನೆ ಡಿಗ್ರಿಯ ಆಸುಪಾಸಿನವರೆಗೆ ಮಾತ್ರ, ಐಸೊಬ್ಯೂಟೇನ್ ಸುಮಾರು ಮೈನಸ್ 12ರವರೆಗೆ, ಪ್ರೊಪೇನ್ ಮೈನಸ್ 42ರವರೆಗೆ. ಬರಿ ಬ್ಯೂಟೇನ್ ಡಬ್ಬಿ ಬೆಳಗಿನ ಚಳಿಯಲ್ಲಿ ತುಂಬಿದ್ದರೂ ಖಾಲಿಯಂತೆ ಸುಮ್ಮನಿರುತ್ತದೆ. ಗ್ಯಾಸ್ ಹೊರಬರುತ್ತಿದ್ದಂತೆ ಡಬ್ಬಿ ತಾನೇ ಇನ್ನಷ್ಟು ತಣ್ಣಗಾಗುವುದರಿಂದ ಉರಿ ಕುಗ್ಗುತ್ತಾ ಹೋಗುತ್ತದೆ. ಅಗಲ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಡಬ್ಬಿಯನ್ನು ಅದರಲ್ಲಿ ನಿಲ್ಲಿಸಿದರೆ ಉರಿ ಚೇತರಿಸಿಕೊಳ್ಳುತ್ತದೆ. ಉರಿಯಿಂದ ಕಾಯಿಸಬೇಡಿ. ಗಾಳಿಮರೆಯನ್ನು ಡಬ್ಬಿಯ ಸುತ್ತ ಪೂರ್ತಿ ಮುಚ್ಚಿದರೂ ಅದು ಕಾದು ಸಿಡಿಯುವ ಅಪಾಯವಿದೆ, ಒಂದು ಮಗ್ಗುಲು ಯಾವಾಗಲೂ ತೆರೆದಿರಲಿ. ಟೆಂಟಿನೊಳಗೆ ಒಲೆಯಾಗಲಿ, ಕೆಂಡದ ಬಾಣಲೆಯಾಗಲಿ ಎಂದಿಗೂ ಬೇಡ. ಅವುಗಳಿಂದ ಹೊರಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಬೆಂಕಿ ಹಾಕಲು ಅನುಮತಿ ಇದ್ದರೆ ಮೊದಲೇ ಇರುವ ಕುಳಿಯಲ್ಲೇ ಹಾಕಿ. ನದಿಯಿಂದ ಎತ್ತಿ ತಂದ ಉರುಟು ಕಲ್ಲುಗಳನ್ನು ಒಲೆಗೆ ಇಡಬಾರದು. ಒಳಗೆ ಸೇರಿಕೊಂಡ ನೀರು ಕಾದು ಆವಿಯಾಗಿ, ಹೊರಬರಲು ದಾರಿಯಿಲ್ಲದೆ ಕಲ್ಲು ಸಿಡಿದು ಚೂರುಗಳು ಹಾರುತ್ತವೆ. ಕೆಳಗೆ ಬಿದ್ದ, ಕೈಯಲ್ಲೇ ಮುರಿಯಬಹುದಾದ, ಮಣಿಕಟ್ಟಿಗಿಂತ ದಪ್ಪವಿಲ್ಲದ ಸೌದೆ ಸಾಕು. ಆರಿಸುವಾಗ ನೀರು ಸುರಿದು, ಕೋಲಿನಿಂದ ಕದಡಿ, ಮತ್ತೆ ಸುರಿಯಿರಿ. ಹಿಂಗೈಯನ್ನು ಬೂದಿಯ ಹತ್ತಿರ ತಂದಾಗ ಬಿಸಿ ತಾಗದಿದ್ದರೆ ಆರಿದೆ. ಮೇಲೆ ಮಣ್ಣು ಮುಚ್ಚಿದರೆ ಆರುವುದಿಲ್ಲ, ಕೆಂಡ ಒಳಗೇ ಜೀವ ಹಿಡಿದುಕೊಂಡಿರುತ್ತದೆ.

ಪಾತ್ರೆ ತೊಳೆಯುವುದು, ಸ್ನಾನ, ಶೌಚ ಮೂರೂ ನೀರಿನಿಂದ ಕನಿಷ್ಠ 60 ಮೀಟರ್ ದೂರದಲ್ಲಿ, ಅಂದರೆ ದೊಡ್ಡವರ ಹೆಜ್ಜೆಯಲ್ಲಿ 80. ಮಣ್ಣಿನಲ್ಲಿ ಕರಗುವ ಸೋಪು ಎಂದು ಬರೆದಿದ್ದರೆ ಅದು ಮಣ್ಣಿನಲ್ಲಿ ಮಾತ್ರ ಕರಗುತ್ತದೆ. ನದಿಯಲ್ಲಿ ಅದೂ ಸೋಪೇ. ಶೌಚಾಲಯವಿದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ 15–20 ಸೆಂಟಿಮೀಟರ್ ಆಳದ ಗುಂಡಿ. ಅದಕ್ಕಿಂತ ಆಳಕ್ಕೆ ಹೋದರೆ ಕೊಳೆಸುವ ಸೂಕ್ಷ್ಮಜೀವಿಗಳು ಕಡಿಮೆ, ಮೇಲಾದರೆ ಪ್ರಾಣಿಗಳು ಕೆದಕುತ್ತವೆ. ದಡದ ಮರಳಿನಲ್ಲಿ ತೋಡಿದ ಗುಂಡಿಯಂತೂ ಮುಂದಿನ ನೆರೆಗೆ ನೇರ ನದಿ ಸೇರುತ್ತದೆ. ಊಟದ ಸಾಮಾನು, ಸೋಪು, ಟೂತ್‌ಪೇಸ್ಟ್ ಮುಂತಾಗಿ ವಾಸನೆಯಿರುವ ಯಾವುದನ್ನೂ ಟೆಂಟಿನೊಳಗೆ ಇಡಬೇಡಿ. ಕ್ಯಾಂಪಿನವರು ಗಟ್ಟಿ ಪೆಟ್ಟಿಗೆ ಕೊಟ್ಟಿದ್ದರೆ ಅದರಲ್ಲಿ, ಇಲ್ಲವಾದರೆ ನೆಲದಿಂದ 4 ಮೀಟರ್ ಎತ್ತರಕ್ಕೆ, ಕಾಂಡದಿಂದ 2 ಮೀಟರ್ ಆಚೆಗೆ ಕೊಂಬೆಯಿಂದ ತೂಗುಹಾಕಿ.

ನೀರಿಗೆ ಇಳಿಯುವುದಿದ್ದರೆ

ಬೆಟ್ಟದ ನದಿಯ ತಣ್ಣನೆ ನೀರಿಗೆ ಧುಮುಕಬಾರದು. ಮೈ ಒಮ್ಮೆಲೇ ಮುಳುಗಿದಾಗ ಉಸಿರು ತಾನಾಗಿ ಒಳಕ್ಕೆ ಸೆಳೆಯುತ್ತದೆ, ಅದನ್ನು ಇಚ್ಛೆಯಿಂದ ತಡೆಯಲಾಗದು. ಬಾಯಿ ನೀರಿನಡಿಯಲ್ಲಿದ್ದರೆ ಅಷ್ಟೇ ಸಾಕು ಮುಳುಗಲು, ಈಜು ಬರುವವರೂ ಹೀಗೇ ಮುಳುಗುವುದು. ಅಕಸ್ಮಾತ್ ಬಿದ್ದರೆ ಮೊದಲ ಒಂದು ನಿಮಿಷ ಈಜಲು ಹೋಗದೆ ತೇಲುತ್ತಾ ಉಸಿರು ಹತೋಟಿಗೆ ತನ್ನಿ. ಹಿಮದಷ್ಟು ತಣ್ಣನೆ ನೀರಿನಲ್ಲಿ ಕೈಕಾಲು ಹೇಳಿದಂತೆ ಕೇಳುವುದು ಆಮೇಲೆ ಹತ್ತು ನಿಮಿಷದಷ್ಟು ಮಾತ್ರ.

ಹರಿವಿನ ವೇಗ ಎರಡರಷ್ಟಾದರೆ ಕಾಲಿನ ಮೇಲೆ ಬೀಳುವ ಒತ್ತಡ ನಾಲ್ಕರಷ್ಟಾಗುತ್ತದೆ. ಹಾಗಾಗಿ ಮೊಣಕಾಲು ಮೀರಿದ ರಭಸದ ನೀರನ್ನು ದಾಟಬೇಡಿ. ಕಿರಿದಾದ ಜಾಗ ದಾಟಲು ಸುಲಭ ಎಂದು ಕಾಣುತ್ತದೆ. ಅಲ್ಲಿಯೇ ನೀರು ಆಳ, ಅಲ್ಲಿಯೇ ರಭಸ. ಅಗಲವಾಗಿ ಹರಡಿ ಕಲ್ಲು ಕಾಣುವಲ್ಲಿ ದಾಟಿ. ಬೂಟು ಕಾಲಲ್ಲೇ ಇರಲಿ, ಬೆನ್ನಚೀಲದ ಸೊಂಟಪಟ್ಟಿ ಎದೆಪಟ್ಟಿ ಬಿಚ್ಚಿರಲಿ, ಗಟ್ಟಿ ಕೋಲನ್ನು ನೀರು ಬರುವ ಕಡೆಗೆ ಊರಿ, ಒಮ್ಮೆಗೆ ಒಂದೇ ಕಾಲು ಎತ್ತಿ. ಕಾಲು ತಪ್ಪಿ ಕೊಚ್ಚಿಹೋದರೆ ಬೆನ್ನ ಮೇಲೆ ತೇಲುತ್ತಾ, ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿ ಮೇಲೆತ್ತಿ ಹಿಡಿಯಿರಿ. ರಭಸದಲ್ಲಿ ಎದ್ದು ನಿಲ್ಲಲು ಹೋದರೆ ಪಾದ ಕಲ್ಲುಗಳ ಸಂದಿಗೆ ಸಿಕ್ಕಿ, ಹಿಂದಿನಿಂದ ಬರುವ ನೀರು ತಲೆಯನ್ನು ಒಳಕ್ಕೆ ಒತ್ತುತ್ತದೆ. ಅಡ್ಡ ಬಿದ್ದ ಮರ ಕಂಡರೆ ಮಾತ್ರ ಹೊರಳಿ, ಶಕ್ತಿಯಿದ್ದಷ್ಟೂ ಈಜಿ ಪಕ್ಕಕ್ಕೆ ಹೋಗಿ. ನೀರು ಕೊಂಬೆಗಳ ನಡುವೆ ತೂರಿಹೋಗುತ್ತದೆ, ಮನುಷ್ಯರು ತೂರುವುದಿಲ್ಲ.

ಹೊರಡುವ ದಿನ ಬಿಸಿಲು ಬರುವವರೆಗೆ ಕಾಯುವಷ್ಟು ಸಮಯ ಇಟ್ಟುಕೊಳ್ಳಿ. ಹೊರಹೊದಿಕೆಯನ್ನು ಬಿಚ್ಚಿ, ಕೊಡವಿ, ಪೊದೆಗಳ ಬದಲು ಹಗ್ಗದ ಮೇಲೆ ಹರವಿ. ಮುಳ್ಳು ಮಾಡಿದ ತೂತು ಮುಂದಿನ ಮಳೆಯವರೆಗೆ ಕಾಣುವುದಿಲ್ಲ. ಜಿಪ್ಪಿನ ಹಲ್ಲಿನಲ್ಲಿ ಸೇರಿಕೊಂಡ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ, ನದಿ ದಡದ ಟೆಂಟುಗಳಲ್ಲಿ ಬೇಗ ಕೆಡುವುದು ಅದೇ. ಒದ್ದೆಯಲ್ಲೇ ಮಡಚಬೇಕಾಗಿ ಬಂದರೆ ಹೊರಹೊದಿಕೆ ಒಂದು ಚೀಲದಲ್ಲಿ, ಒಳಟೆಂಟ್ ಇನ್ನೊಂದರಲ್ಲಿ. ಮನೆ ತಲುಪಿದ ದಿನವೇ ನೆರಳಿನಲ್ಲಿ ಹರವಿ ಪೂರ್ತಿ ಒಣಗಿಸಿ. ತೇವ ಉಳಿದರೆ ಕೆಲವೇ ದಿನಗಳಲ್ಲಿ ಬೂಸ್ಟು ಹಿಡಿಯುತ್ತದೆ, ಹಾಗೆಯೇ ತಿಂಗಳುಗಟ್ಟಲೆ ಬಿಟ್ಟರೆ ಒಳಮೈಯ ನೀರುನಿರೋಧಕ ಲೇಪ ಜಿಗುಟಾಗಿ ಪೊರೆಪೊರೆಯಾಗಿ ಏಳುತ್ತದೆ. ಸ್ಲೀಪಿಂಗ್ ಬ್ಯಾಗನ್ನು ಅದರ ಸಣ್ಣ ಚೀಲಕ್ಕೆ ತುರುಕಿಡದೆ ದೊಡ್ಡ ಹತ್ತಿಚೀಲದಲ್ಲಿ ಸಡಿಲವಾಗಿ ಹಾಕಿ ತೂಗುಬಿಡಿ. ಫಿಲ್ಟರನ್ನು ಶುದ್ಧ ನೀರಿನಿಂದ ಹಿಮ್ಮುಖವಾಗಿ ತೊಳೆದು ಒಣಗಿಸಿ. ಬಗ್ಗಿದ ಗೂಟಗಳನ್ನು ನೆಟ್ಟಗೆ ಮಾಡಿ, ಎಣಿಸಿ ಚೀಲಕ್ಕೆ ಹಾಕಿ. ಕಡಿಮೆಯಾಗಿದ್ದರೆ ಆಗಲೇ ತಂದಿಡಿ.